ಅವಕೆಂಪು ಮಂಕಿನ ಲೆಕ್ಕ ತಪ್ಪಿದಾಗ ಎಲ್ಲಿ ಹುಡುಕಬೇಕು

ಆಕಾಶದಲ್ಲಿ ದೂಳು ತುಂಬಿದ ಕಪ್ಪು ಮೋಡವೊಂದರ ಹಿಂದಿನ ನಕ್ಷತ್ರಗಳ ಜೆ, ಎಚ್, ಕೆ ಅಳತೆಗಳನ್ನು, ಅಂದರೆ ಮೂರು ಅವಕೆಂಪು (ಇನ್‌ಫ್ರಾರೆಡ್) ಬ್ಯಾಂಡುಗಳಲ್ಲಿ ಅವು ಎಷ್ಟು ಬೆಳಗುತ್ತವೆ ಅನ್ನುವ ಅಂಕಿಗಳನ್ನು, ಇಳಿಸಿಕೊಂಡಿದ್ದೀರಿ. ಜೆ–ಎಚ್ ಬಣ್ಣವನ್ನು ಮೇಲಕ್ಕೆ, ಎಚ್–ಕೆ ಬಣ್ಣವನ್ನು ಅಡ್ಡಕ್ಕೆ ಇಟ್ಟು ಗ್ರಾಫ್ ಹಾಕಿದ್ದೀರಿ (ಬಣ್ಣ ಅಂದರೆ ಎರಡು ಬ್ಯಾಂಡಿನ ಅಂಕಿಗಳ ವ್ಯತ್ಯಾಸ). ಗೆರೆ ಎಳೆದರೆ ಓರೆ (ಸ್ಲೋಪ್) 1.3 ಬರುತ್ತದೆ. ಪುಸ್ತಕದಲ್ಲಿ 1.7 ಅಂತ ಇದೆ. ಇಲ್ಲವೇ ದೂಳಿನ ನಕ್ಷೆ ಮಾಡಿದ್ದೀರಿ, ಮೋಡದ ನಟ್ಟನಡುವೆ ದೂಳು ಕಡಿಮೆ ಅಂತ ಅದು ತೋರಿಸುತ್ತಿದೆ. ಇಂಥ ಹೊತ್ತಲ್ಲಿ ಎಲ್ಲರಿಗೂ ಮೊದಲು ಬರುವ ಯೋಚನೆ ಒಂದೇ: ಈ ಮೋಡದ ದೂಳೇ ಬೇರೆ ಥರ ಇರಬೇಕು, ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿರಬೇಕು.

ನನಗೂ ಹಾಗೇ ಅನಿಸಿತ್ತು. ಮೂರು ವಾರ ಅದರ ಹಿಂದೆ ಓಡಾಡಿದೆ. ಕೊನೆಗೆ ಗೊತ್ತಾಗಿದ್ದು, ಪಟ್ಟಿಯಲ್ಲಿದ್ದ ಒಂದು ಕಾಲಮ್ ಅನ್ನು ನಾನು ಓದಿರಲಿಲ್ಲ ಅನ್ನೋದು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಪ್ರತಿ ದೋಷಕ್ಕೂ ಗ್ರಾಫಿನಲ್ಲಿ ಅದರದೇ ಆದ ಒಂದು ಆಕಾರ ಇರುತ್ತದೆ. ಆ ಆಕಾರ ಗುರುತು ಹಿಡಿಯಲು ಕಲಿತರೆ ಸಾಕು, ದೂಳಿನ ಮೇಲೆ ಅಪವಾದ ಹೊರಿಸುವ ಮೊದಲೇ ತಪ್ಪು ಎಲ್ಲಿದೆ ಅಂತ ತಿಳಿಯುತ್ತದೆ.

ಉದಾಹರಣೆಗೆ ಬರ್ನಾರ್ಡ್ 68 ಮೋಡವನ್ನೇ ಇಟ್ಟುಕೊಳ್ಳೋಣ. ಒಫಿಯುಕಸ್ ಅಂದರೆ ಉರಗಧರ ನಕ್ಷತ್ರಪುಂಜದಲ್ಲಿದೆ, ಸುಮಾರು 400–500 ಜ್ಯೋತಿರ್ವರ್ಷ ದೂರ. ಅಡ್ಡಳತೆ ಅರ್ಧ ಜ್ಯೋತಿರ್ವರ್ಷದಷ್ಟು. ಆಕಾಶದಲ್ಲಿ ನೋಡಿದರೆ ಹುಣ್ಣಿಮೆ ಚಂದ್ರನ ಅಗಲದ ಎಂಟನೇ ಒಂದು ಭಾಗದಷ್ಟೇ ಇದೆ. ಒಳಗೆ ಇನ್ನೂ ಯಾವ ನಕ್ಷತ್ರವೂ ಹುಟ್ಟಿಲ್ಲ, ಹಿಂದೆ ನಮ್ಮ ಗ್ಯಾಲಕ್ಸಿಯ ನಡುವಿನ ಉಬ್ಬಿನ ದೈತ್ಯ ನಕ್ಷತ್ರಗಳು ಒತ್ತೊತ್ತಾಗಿ ತುಂಬಿವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಮೋಡ ಸಿಗೋದು ಕಷ್ಟ. 2001ರಲ್ಲಿ ಖಗೋಳಶಾಸ್ತ್ರಜ್ಞರಾದ ಆಲ್ವೆಸ್ ಮತ್ತು ಲಾಡಾ ಹೆಸರಿನ ಇಬ್ಬರು ಇದರ ಹಿಂದಿನ ನಕ್ಷತ್ರಗಳ ಅವಕೆಂಪು ಬಣ್ಣದಿಂದಲೇ ಮೋಡದ ಒಳಗಿನ ಸಾಂದ್ರತೆ ನಡುವಿನಿಂದ ಅಂಚಿನವರೆಗೆ ಹೇಗೆ ಇಳಿಯುತ್ತದೆ ಅಂತ ಅಳೆದು ತೋರಿಸಿದರು.

ಸರಿಯಾಗಿದ್ದರೆ ಏನು ಕಾಣಬೇಕು

ಕೆಟ್ಟಿದ್ದನ್ನು ಹುಡುಕುವ ಮೊದಲು ಸರಿ ಇದ್ದದ್ದು ಹೇಗಿರುತ್ತದೆ ಅಂತ ಗೊತ್ತಿರಬೇಕು ಅಲ್ವಾ.

ನಕ್ಷತ್ರಗಳ ನಡುವಿನ ದೂಳಿನ ಕಣ ಹೆಚ್ಚುಕಡಿಮೆ ಒಂದು ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಭಾಗ) ಹತ್ತನೇ ಒಂದು ಭಾಗದಷ್ಟಿರುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆ ಅರ್ಧ ಮೈಕ್ರಾನ್, ಕೆ ಬ್ಯಾಂಡಿನ ಅಲೆ 2.2 ಮೈಕ್ರಾನ್. ಅಲೆ ಕಣಕ್ಕಿಂತ ಉದ್ದವಾದಷ್ಟೂ ಕಣ ಅದನ್ನು ತಡೆಯೋದು ಕಡಿಮೆ. ರೀಕಿ ಮತ್ತು ಲೆಬೋಫ್ಸ್ಕಿ 1985ರಲ್ಲಿ ಕೊಟ್ಟ ಅಂಕಿಗಳು ಇವತ್ತಿಗೂ ಎಲ್ಲರ ಬಾಯಲ್ಲಿವೆ. ಕಾಣುವ ಬೆಳಕು ದೂಳಿನಿಂದ ಎಷ್ಟು ಕುಂದಿತು ಅನ್ನುವ ಮಂಕನ್ನು, ಅಂದರೆ ಎ-ವಿಯನ್ನು, 1 ಅಂತ ಇಟ್ಟುಕೊಂಡರೆ ಜೆಯಲ್ಲಿ 0.282, ಎಚ್‌ನಲ್ಲಿ 0.175, ಕೆಯಲ್ಲಿ 0.112.

ಬರ್ನಾರ್ಡ್ 68ರ ನಡುವೆ ಎ-ವಿ ಸುಮಾರು 30 ಮ್ಯಾಗ್ನಿಟ್ಯೂಡ್ (ಕಾಂತಿ ಅಳೆಯುವ ಮಾನ, ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು). ಕಣ್ಣಿನ ಬೆಳಕಿನಲ್ಲಿ ಇದು ಲಕ್ಷ ಕೋಟಿಗೆ ಒಂದು ಪಾಲು ಮಾತ್ರ ಆಚೆ ಬರುತ್ತದೆ ಅಂತ ಅರ್ಥ. ಅದೇ ಮೋಡ, ಅದೇ ದೂಳು, ಕೆ ಬ್ಯಾಂಡಿನಲ್ಲಿ ಮಂಕು 3.4 ಮ್ಯಾಗ್ನಿಟ್ಯೂಡ್ ಅಷ್ಟೇ. ನಕ್ಷತ್ರ 22 ಪಟ್ಟು ಮಂಕಾಗುತ್ತದೆ, ಆದರೂ ಕಾಣುತ್ತದೆ. ಎಚ್‌ನಲ್ಲಿ ಸುಮಾರು 125 ಪಟ್ಟು, ಜೆಯಲ್ಲಿ 2400 ಪಟ್ಟು. ಈ ಜೆಯ 2400 ಪಟ್ಟನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬರುವ ಅರ್ಧ ತೊಂದರೆಗಳಿಗೆ ಇದೇ ಕಾರಣ.

ಒಂದು ನಕ್ಷತ್ರದ ನಿಜವಾದ ಕಾಂತಿ ನಮಗೆ ಗೊತ್ತಿರೋದಿಲ್ಲ. ಆದರೆ ಅದರ ನಿಜವಾದ ಬಣ್ಣ ಹೆಚ್ಚುಕಡಿಮೆ ಗೊತ್ತು. ದೈತ್ಯ ನಕ್ಷತ್ರಗಳ ಎಚ್–ಕೆ ಎಲ್ಲ ಸೇರಿ 0.1ರಿಂದ 0.3ರೊಳಗೆ ಬಿದ್ದುಹೋಗುತ್ತದೆ, ಬರ್ನಾರ್ಡ್ 68ರ ಹಿಂದಿನವಕ್ಕೆ ಸರಾಸರಿ 0.12ರ ಹತ್ತಿರ. ಹಾಗಾಗಿ ನೀವು ಅಳೆದ ಎಚ್–ಕೆಯಲ್ಲಿ ಇದನ್ನು ಕಳೆದರೆ ಉಳಿಯೋದು ದೂಳಿನಿಂದ ಬಂದ ಕೆಂಪು. ಅದನ್ನು 15.9ರಿಂದ ಗುಣಿಸಿದರೆ ಎ-ವಿ. ಈ ದಾರಿಯನ್ನು 1994ರಲ್ಲಿ ಲಾಡಾ ಮತ್ತು ಸಂಗಡಿಗರು ಐಸಿ 5146 ಮೋಡದ ಮೇಲೆ ಮಾಡಿ ತೋರಿಸಿದರು.

ಗ್ರಾಫಿನಲ್ಲಿ ಇದು ಹೀಗೆ ಕಾಣಬೇಕು: ಎಡಗಡೆ ಕೆಳಗೆ, ಎಚ್–ಕೆ 0.1, ಜೆ–ಎಚ್ 0.6ರ ಹತ್ತಿರ, ದೂಳಿಲ್ಲದ ನಕ್ಷತ್ರಗಳ ಗುಂಪು. ಅಲ್ಲಿಂದ ಮೇಲೆ ಬಲಕ್ಕೆ ನೆಟ್ಟಗೆ ಹೋಗುವ ಒಂದು ಪಟ್ಟೆ, ಓರೆ 1.7ರ ಆಸುಪಾಸು. ಪಟ್ಟೆಯ ಅಗಲ ಉದ್ದಕ್ಕೂ ಒಂದೇ ಥರ, ಕೊನೆಕೊನೆಗೆ ಚುಕ್ಕಿಗಳು ವಿರಳ. ನಿಮ್ಮದು ಹೀಗಿದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಮುಂದೆ ಓದಿ.

ಪಟ್ಟೆಯ ಕೆಂಪು ತುದಿ ಕೆಳಕ್ಕೆ ಬಾಗಿದೆ

ನನ್ನ ಮೂರು ವಾರ ತಿಂದಿದ್ದು ಇದೇ. ಪಟ್ಟೆ ನೆಟ್ಟಗೆ ಹೊರಟು, ಎಚ್–ಕೆ 1 ದಾಟುತ್ತಿದ್ದ ಹಾಗೆ ಮೆಲ್ಲಗೆ ಬಲಕ್ಕೆ ವಾಲುತ್ತಿತ್ತು. ನೋಡಲು ಎಷ್ಟು ನಂಬುವಂತೆ ಇರುತ್ತದೆ ಅಂದರೆ, ದಟ್ಟ ಜಾಗಕ್ಕೆ ಹೋದ ಹಾಗೆ ದೂಳಿನ ಗುಣ ಬದಲಾಗುತ್ತಿದೆ ಅಂತಲೇ ಅನಿಸುತ್ತದೆ.

ಇಡೀ ಆಕಾಶದ ಅವಕೆಂಪು ಸಮೀಕ್ಷೆಯಾದ ಟೂ-ಮಾಸ್‌ನ ಪಟ್ಟಿ ಬಳಸುತ್ತಿದ್ದರೆ ತಕ್ಷಣ ಫೋಟೊಮೆಟ್ರಿ ಗುಣಮಟ್ಟದ ಫ್ಲ್ಯಾಗ್, ಅಂದರೆ ಅಳತೆಯನ್ನು ಎಷ್ಟು ನಂಬಬಹುದು ಅನ್ನುವ ಗುರುತು, ನೋಡಿ. ಮೂರು ಅಕ್ಷರ ಇರುತ್ತವೆ, ಜೆಗೆ ಒಂದು, ಎಚ್‌ಗೆ ಒಂದು, ಕೆಗೆ ಒಂದು. ಎ ಅಂದರೆ ಒಳ್ಳೆಯದು. ಯು ಅಂದರೆ ಆ ಬ್ಯಾಂಡಿನಲ್ಲಿ ನಕ್ಷತ್ರ ಕಂಡೇ ಇಲ್ಲ ಅಂತ. ಆದರೆ ಯು ಇದ್ದಾಗಲೂ ಮ್ಯಾಗ್ನಿಟ್ಯೂಡ್ ಕಾಲಮ್ ಖಾಲಿ ಇರೋದಿಲ್ಲ, ಅಲ್ಲೊಂದು ಅಂಕಿ ಕೂತಿರುತ್ತದೆ! ಅದು ಅಳತೆಯಲ್ಲ. ನಕ್ಷತ್ರ ಇದಕ್ಕಿಂತ ಪ್ರಕಾಶವಾಗಿರಲು ಸಾಧ್ಯವಿಲ್ಲ ಅನ್ನುವ ಮಿತಿ. ಖಾಲಿ ಇರೋದು ಪಕ್ಕದ ದೋಷದ ಕಾಲಮ್ ಮಾತ್ರ, ಅದನ್ನು ಎಷ್ಟು ಜನ ನೋಡುತ್ತಾರೆ ಹೇಳಿ.

ಈಗ ಲೆಕ್ಕ ಹಾಕಿ. ಟೂ-ಮಾಸ್ ಚೆನ್ನಾಗಿ ಅಳೆಯುವುದು ಜೆಯಲ್ಲಿ 15.8, ಎಚ್‌ನಲ್ಲಿ 15.1, ಕೆಯಲ್ಲಿ 14.3 ಮ್ಯಾಗ್ನಿಟ್ಯೂಡ್‌ವರೆಗೆ. ಮೂಲದಲ್ಲಿ ಕೆ 11, ಜೆ 11.8 ಇದ್ದ ದೈತ್ಯ ನಕ್ಷತ್ರವೊಂದು ಎ-ವಿ 20ರ ಹಿಂದೆ ನಿಂತಿದೆ ಅನ್ನಿ. ಕೆ 13.2 ಆಗುತ್ತದೆ, ಸುಲಭವಾಗಿ ಸಿಗುತ್ತದೆ. ಜೆ 17.4 ಆಗುತ್ತದೆ, ಸಿಗೋದಿಲ್ಲ. ಪಟ್ಟಿಯಲ್ಲಿ ಜೆಗೆ ಮಿತಿಯ ಅಂಕಿ, 16 ಅಥವಾ 17, ಬರೆದಿರುತ್ತದೆ. ನೀವು ಅದನ್ನೇ ಜೆ ಅಂತ ತೆಗೆದುಕೊಂಡರೆ ಜೆ–ಎಚ್ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ. ನಕ್ಷತ್ರ ಕೆಂಪಾದಷ್ಟೂ ಈ ಕೊರತೆ ಜಾಸ್ತಿ. ಅದಕ್ಕೇ ಪಟ್ಟೆ ಬಾಗಿದ್ದು.

ಪರೀಕ್ಷೆ ಸುಲಭ. ಮೂರೂ ಬ್ಯಾಂಡಿನಲ್ಲಿ ಎ ಇದ್ದವನ್ನಷ್ಟೇ ಇಟ್ಟುಕೊಂಡು ಗ್ರಾಫ್ ಮತ್ತೆ ಹಾಕಿ. ಬಾಗು ಮಾಯವಾದರೆ ಉತ್ತರ ಸಿಕ್ಕಿತು. ಜೊತೆಗೆ ಗೋಜಲಿನ ಫ್ಲ್ಯಾಗ್ ಮೂರು ಸೊನ್ನೆ ಇರುವಂತೆಯೂ ನೋಡಿಕೊಳ್ಳಿ, ಪಕ್ಕದ ದೊಡ್ಡ ನಕ್ಷತ್ರದ ಚುಚ್ಚುಗೆರೆ ಬಿದ್ದ ಅಳತೆಗಳು ಅದರಿಂದ ಹೊರಗೆ ಹೋಗುತ್ತವೆ.

ಒಂದು ಎಚ್ಚರಿಕೆ. ಮೂರರಲ್ಲೂ ಎ ಬೇಕು ಅಂತ ಹಟ ಹಿಡಿದರೆ ಅತಿ ಕೆಂಪು ನಕ್ಷತ್ರಗಳೆಲ್ಲ ಜೆ ಇಲ್ಲದ ಕಾರಣಕ್ಕೆ ಹೊರಬೀಳುತ್ತವೆ. ಓರೆ ಅಳೆಯಲು ಇದು ಸರಿ. ನಕ್ಷೆ ಮಾಡಲು ಸರಿಯಲ್ಲ. ನಕ್ಷೆಗೆ ಎಚ್ ಮತ್ತು ಕೆ ಎರಡೇ ಸಾಕು, ಜೆ ಇದ್ದರೆ ಲಾಭ. 2001ರಲ್ಲಿ ಲೊಂಬಾರ್ಡಿ ಮತ್ತು ಆಲ್ವೆಸ್ ಕೊಟ್ಟ ನೈಸರ್ ವಿಧಾನ ಎಲ್ಲ ಬಣ್ಣಗಳನ್ನೂ ಅವುಗಳ ದೋಷದ ತೂಕ ಹಾಕಿ ಸೇರಿಸುತ್ತದೆ. ಅದನ್ನೇ ಬಳಸಿ.

ಚುಕ್ಕಿಗಳು ಪಟ್ಟೆಯ ಬಲಕ್ಕೆ ಚೆಲ್ಲಿವೆ

ಬಾಗು ಇಲ್ಲ, ಆದರೆ ಪಟ್ಟೆಯ ಬಲಗಡೆ, ಕೆಳಗೆ, ಚುಕ್ಕಿಗಳು ಚದುರಿವೆ. ಎಡಗಡೆ ಅಷ್ಟು ಇಲ್ಲ. ಇದಕ್ಕೆ ಎರಡು ಕಾರಣ, ಎರಡನ್ನೂ ಬೇರೆ ಮಾಡಲು ಬರುತ್ತದೆ.

ಒಂದು, ಮೋಡದ ಒಳಗೇ ಹುಟ್ಟಿದ ಎಳೆಯ ನಕ್ಷತ್ರಗಳು. ಅವುಗಳ ಸುತ್ತ ಬಿಸಿ ದೂಳಿನ ತಟ್ಟೆ ಇರುತ್ತದೆ. ಆ ತಟ್ಟೆ ಸ್ವತಃ ಕೆ ಬ್ಯಾಂಡಿನಲ್ಲಿ ಬೆಳಗುತ್ತದೆ. ಹಾಗಾಗಿ ಎಚ್–ಕೆ ಹೆಚ್ಚುತ್ತದೆ, ಜೆ–ಎಚ್ ಅಷ್ಟು ಹೆಚ್ಚೋದಿಲ್ಲ. ಮಂಕಾಗಿ ಕೆಂಪಾದದ್ದಲ್ಲ, ಬೆಳಕು ಸೇರಿ ಕೆಂಪಾದದ್ದು. 1997ರಲ್ಲಿ ಮೇಯರ್, ಕಾಲ್ವೆಟ್, ಹಿಲ್ಲನ್‌ಬ್ರಾಂಡ್ ಇಂಥ ಟಿ-ಟೌರಿ ನಕ್ಷತ್ರಗಳು ಈ ಗ್ರಾಫಿನಲ್ಲಿ 0.58 ಓರೆಯ ಬೇರೆಯದೇ ಗೆರೆ ಮೇಲೆ ಕೂರುತ್ತವೆ ಅಂತ ತೋರಿಸಿದರು. 1.7ರ ಪಟ್ಟೆಗೆ 0.58ರ ಗುಂಪು ಬೆರೆತರೆ ಓರೆ ಇಳಿಯದೆ ಇನ್ನೇನಾಗುತ್ತದೆ. ಒರಾಯನ್ ಮೋಡದಲ್ಲಿ, ಉರಗಧರದ ಎಲ್ 1688ರಲ್ಲಿ ಇಂಥವು ತುಂಬಾ ಇವೆ. ಬರ್ನಾರ್ಡ್ 68ರಲ್ಲಿ ಇಲ್ಲ.

ಗುರುತು ಹಿಡಿಯಲು ಉದ್ದ ಅಲೆಗೆ ಹೋಗಿ. ಸ್ಪಿಟ್ಸರ್ ಬಾಹ್ಯಾಕಾಶ ಟೆಲಿಸ್ಕೋಪಿನ 8 ಮತ್ತು 24 ಮೈಕ್ರಾನ್, ಇಲ್ಲವೇ ವೈಸ್ ಉಪಗ್ರಹದ 12 ಮತ್ತು 22 ಮೈಕ್ರಾನ್ ಅಳತೆ ನೋಡಿ. ಹಿಂದಿನ ದೈತ್ಯ ನಕ್ಷತ್ರ ಅಲ್ಲಿಗೆ ಹೋಗುವ ಹೊತ್ತಿಗೆ ಮಂಕಾಗಿರುತ್ತದೆ. ತಟ್ಟೆ ಇರುವುದು ಅಲ್ಲಿ ಇನ್ನೂ ಜೋರಾಗಿ ಬೆಳಗುತ್ತದೆ. ಆದರೆ ವೈಸ್‌ನ 22 ಮೈಕ್ರಾನ್ ಚಿತ್ರ ಮಸುಕು, 12 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಅಗಲದ ಮಸುಕು, ಪಕ್ಕದ ನೆಬ್ಯುಲಾದ ಬೆಳಕು ಒಳಗೆ ಸೇರಿ ಸುಮ್ನೆ ಇರುವ ನಕ್ಷತ್ರವನ್ನೂ ಎಳೆಯದು ಅಂತ ತೋರಿಸಬಹುದು. ಚಿತ್ರವನ್ನು ಕಣ್ಣಾರೆ ನೋಡದೆ ಪಟ್ಟಿಯನ್ನಷ್ಟೇ ನಂಬಬೇಡಿ.

ಎರಡನೆಯದು, ಎರಡು ನಕ್ಷತ್ರ ಒಂದಾಗಿ ಕಂಡಿರುವುದು. ಟೂ-ಮಾಸ್ ಪಿಕ್ಸೆಲ್ 2 ಆರ್ಕ್‌ಸೆಕೆಂಡ್. ಬರ್ನಾರ್ಡ್ 68 ಗ್ಯಾಲಕ್ಸಿಯ ಉಬ್ಬಿನ ಕಡೆಗೇ ಇದೆ, ಜನಜಂಗುಳಿ. ಮುಂದಿನ ನೀಲಿ ನಕ್ಷತ್ರ ಒಂದು, ಹಿಂದಿನ ಕೆಂಪು ನಕ್ಷತ್ರ ಒಂದು, ಎರಡೂ ಒಂದೇ ಚುಕ್ಕಿಯಾದರೆ ಜೆ ಬೆಳಕು ಬಹುತೇಕ ಮುಂದಿನದು, ಕೆ ಬೆಳಕು ಬಹುತೇಕ ಹಿಂದಿನದು. ನಾನು ಒಂದು ಲೆಕ್ಕ ಹಾಕಿ ನೋಡಿದೆ. ಮುಂದಿನದು ಜೆ 14, ಎಚ್ 13.4, ಕೆ 13.3. ಹಿಂದಿನದು ಜೆ 17, ಎಚ್ 14.2, ಕೆ 12.8. ಎರಡನ್ನೂ ಕೂಡಿದರೆ ಜೆ–ಎಚ್ 0.96, ಎಚ್–ಕೆ 0.71 ಬರುತ್ತದೆ. ಅದೇ ಎಚ್–ಕೆಯಲ್ಲಿ ಪಟ್ಟೆ 1.6ರ ಹತ್ತಿರ ಇರಬೇಕಿತ್ತು. ಅಂದರೆ ತಟ್ಟೆಯೂ ಇಲ್ಲದೆ, ಎಳೆಯ ನಕ್ಷತ್ರವೂ ಇಲ್ಲದೆ, ಪಟ್ಟೆಯಿಂದ ಅಷ್ಟು ಕೆಳಗೆ ಬಿತ್ತು. ಇಂಥವನ್ನು ಹಿಡಿಯಲು ಹೆಚ್ಚು ಚೂಪಾದ ಚಿತ್ರ ಬೇಕು. ವಿಸ್ಟಾ ಟೆಲಿಸ್ಕೋಪಿನ ಅಥವಾ ಗಾಯಾ ಉಪಗ್ರಹದ ಪಟ್ಟಿಯಲ್ಲಿ ಅದೇ ಜಾಗದಲ್ಲಿ ಎರಡು ಹೆಸರು ಇವೆಯೇ ನೋಡಿ.

ಎಲ್ಲ ಶುದ್ಧ, ಆದರೂ ಓರೆ ಕಡಿಮೆ

ಫ್ಲ್ಯಾಗ್ ಸರಿ, ಎಳೆಯವು ಹೊರಗೆ, ಜೋಡಿಗಳು ಹೊರಗೆ. ಪಟ್ಟೆ ನೆಟ್ಟಗಿದೆ. ಕಣ್ಣಿಗೆ 1.7 ಅನಿಸುತ್ತದೆ. ಕಂಪ್ಯೂಟರ್ ಗೆರೆ ಎಳೆದರೆ 1.5 ಹೇಳುತ್ತದೆ. ಇಲ್ಲಿ ತಪ್ಪು ಗೆರೆ ಎಳೆದ ರೀತಿಯಲ್ಲಿದೆ.

ಸಾಮಾನ್ಯ ಲೀಸ್ಟ್ ಸ್ಕ್ವೇರ್ಸ್ ವಿಧಾನ, ಅಡ್ಡಕ್ಕಿರುವ ಅಂಕಿಯಲ್ಲಿ ತಪ್ಪೇ ಇಲ್ಲ ಅಂದುಕೊಳ್ಳುತ್ತದೆ. ನಮ್ಮ ಎಚ್–ಕೆಯಲ್ಲಿ ತಪ್ಪು ಇದೆ. ಅಡ್ಡಕ್ಕೆ ತಪ್ಪು ಇದ್ದರೆ ಗೆರೆ ಯಾವಾಗಲೂ ಮಲಗುತ್ತದೆ, ಎಂದೂ ಏಳುವುದಿಲ್ಲ. ಇದು ಎಲ್ಲ ಕ್ಷೇತ್ರದಲ್ಲೂ ಇರುವ ತೊಂದರೆ. ಆದರೆ ನಮ್ಮಲ್ಲಿ ಇನ್ನೊಂದು ಸೇರಿಕೊಳ್ಳುತ್ತದೆ: ಎಚ್ ಎರಡೂ ಬಣ್ಣದಲ್ಲಿ ಇದೆ. ಒಂದು ನಕ್ಷತ್ರದ ನಿಜವಾದ ಎಚ್ 13.00 ಇದ್ದು ಅಳತೆಯಲ್ಲಿ 13.05 ಬಂತು ಅಂದುಕೊಳ್ಳಿ. ಜೆ–ಎಚ್ 0.05 ಇಳಿಯಿತು, ಎಚ್–ಕೆ ಅದೇ 0.05 ಏರಿತು. ಚುಕ್ಕಿ ಬಲಕ್ಕೂ ಕೆಳಕ್ಕೂ ಒಟ್ಟಿಗೆ ಜರುಗಿತು. ಎಚ್‌ನ ಪ್ರತಿ ತಪ್ಪೂ ಚುಕ್ಕಿಯನ್ನು ಈ ಒಂದೇ ಓರೆಯಲ್ಲಿ, ಪಟ್ಟೆಗೆ ಅಡ್ಡವಾಗಿ ಎಳೆಯುತ್ತದೆ. ಹಾಗಾಗಿ ಗೆರೆ ಇನ್ನಷ್ಟು ಮಲಗುತ್ತದೆ.

ಎಚ್–ಕೆಯನ್ನು ಅಂಕಣ ಅಂಕಣ ಮಾಡಿ, ಪ್ರತಿ ಅಂಕಣದಲ್ಲಿ ಜೆ–ಎಚ್ ಸರಾಸರಿ ತೆಗೆದರೂ ಇದೇ ತೊಂದರೆ ಉಳಿಯುತ್ತದೆ. ತುಂಬಾ ಜನ ಇದನ್ನು ಸುರಕ್ಷಿತ ಅಂದುಕೊಂಡಿರುತ್ತಾರೆ. ಅಲ್ಲ. ಅಂಕಣವನ್ನು ಪಟ್ಟೆಯ ಉದ್ದಕ್ಕೆ ಕತ್ತರಿಸಬೇಕು, ಅಥವಾ ಎರಡೂ ಬದಿಯ ತಪ್ಪನ್ನೂ ಅವುಗಳ ಪರಸ್ಪರ ನಂಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಗೆರೆ ಎಳೆಯಬೇಕು. ನಿಮ್ಮದು ಇದೇ ದೋಷವೇ ಅಂತ ಖಚಿತ ಮಾಡಿಕೊಳ್ಳಲು ನಕಲಿ ನಕ್ಷತ್ರ ಮಾಡಿ: ಓರೆ 1.7 ಅಂತ ನೀವೇ ಇಟ್ಟು ಸಾವಿರ ಚುಕ್ಕಿ ಹುಟ್ಟಿಸಿ, ನಿಮ್ಮ ಪಟ್ಟಿಯಷ್ಟೇ ತಪ್ಪನ್ನು ಜೆ, ಎಚ್, ಕೆಗೆ ಬೇರೆಬೇರೆಯಾಗಿ ಸೇರಿಸಿ, ನಿಮ್ಮ ಅದೇ ಪ್ರೋಗ್ರಾಂಗೆ ಕೊಡಿ. 1.7 ವಾಪಸ್ ಬಾರದಿದ್ದರೆ ದೂಳಿಗೂ ಇದಕ್ಕೂ ಸಂಬಂಧವಿಲ್ಲ. ಹತ್ತು ನಿಮಿಷದ ಕೆಲಸ, ನಾನು ಈಗ ಇದನ್ನು ಮಾಡದೆ ಯಾವ ಓರೆಯನ್ನೂ ನಂಬುವುದಿಲ್ಲ.

ಫಿಲ್ಟರ್ ಬೇರೆ, ಅಂಕಿ ಬೇರೆ

ಕೆ ಅಂತ ಹೆಸರಿದ್ದ ಮಾತ್ರಕ್ಕೆ ಎಲ್ಲ ಕೆ ಒಂದೇ ಅಲ್ಲ. ಟೂ-ಮಾಸ್‌ನಲ್ಲಿ ಜೆ 1.235, ಎಚ್ 1.662, ಕೆ 2.159 ಮೈಕ್ರಾನ್. ಯುಕಿಡ್ಸ್ ಸಮೀಕ್ಷೆಯಲ್ಲಿ 1.248, 1.631, 2.201. ವ್ಯತ್ಯಾಸ ಚಿಕ್ಕದು, ಎಲ್ಲೋ ಸ್ವಲ್ಪ ಆಚೀಚೆ. ಇದರಿಂದ ಏನಾಗಬಹುದು ಅನಿಸುತ್ತದೆ ಅಲ್ವಾ?

ಕಾರ್ಡೆಲ್ಲಿ, ಕ್ಲೇಟನ್, ಮ್ಯಾಥಿಸ್ 1989ರಲ್ಲಿ ಕೊಟ್ಟ ನಿಯಮದಲ್ಲಿ ಈ ಜಾಗದ ಮಂಕು ಅಲೆಯುದ್ದದ ಮೈನಸ್ 1.61 ಘಾತದಂತೆ ಇಳಿಯುತ್ತದೆ. ಫಿಲ್ಟರ್‌ನ ನಡು ಅಲೆಯನ್ನಷ್ಟೇ ಹಿಡಿದು ಅದೇ ದೂಳಿಗೆ ಎರಡು ಕಡೆ ಓರೆ ಲೆಕ್ಕ ಹಾಕಿ. ಟೂ-ಮಾಸ್ ಅಲೆಗಳಲ್ಲಿ 1.78. ಯುಕಿಡ್ಸ್ ಅಲೆಗಳಲ್ಲಿ 1.41. ದೂಳು ಒಂದು ಕಣದಷ್ಟೂ ಬದಲಾಗಿಲ್ಲ. ಯುಕಿಡ್ಸ್ ಅಳತೆ ಇಟ್ಟುಕೊಂಡು 1.7ಕ್ಕೆ ಹೋಲಿಸಿ ಇಲ್ಲಿ ಏನೋ ವಿಚಿತ್ರ ಇದೆ ಅಂದರೆ, ವಿಚಿತ್ರ ಇರುವುದು ಹೋಲಿಕೆಯಲ್ಲಿ.

ಇನ್ನೂ ಒಂದು ಸೂಕ್ಷ್ಮ ಇದೆ. ಫಿಲ್ಟರ್ ಅಂದರೆ ಒಂದು ಅಲೆ ಅಲ್ಲ, ಅಗಲದ ಕಿಂಡಿ. ದಟ್ಟ ದೂಳಿನ ಹಿಂದಿನ ನಕ್ಷತ್ರದ ಬೆಳಕು ಆ ಕಿಂಡಿಯ ಕೆಂಪು ಕಡೆಯಿಂದಲೇ ಹೆಚ್ಚು ಬರುತ್ತದೆ, ಹಾಗಾಗಿ ಕಿಂಡಿಯ ನಡು ತಾನೇ ಕೆಂಪಿನ ಕಡೆ ಸರಿಯುತ್ತದೆ. 2009ರಲ್ಲಿ ಸ್ಟೆಡ್ ಮತ್ತು ಹೋರ್ ಯುಕಿಡ್ಸ್ ಅಳತೆಗಳಲ್ಲಿ ಇದನ್ನೆಲ್ಲ ಲೆಕ್ಕಕ್ಕೆ ತಂದು ಘಾತ 2.14 ಅಂತ ಕಂಡರು. ಅದಕ್ಕೂ ಮೊದಲು 2006ರಲ್ಲಿ ನಿಶಿಯಾಮಾ ಮತ್ತು ಸಂಗಡಿಗರು ಗ್ಯಾಲಕ್ಸಿಯ ಕೇಂದ್ರದ ಕಡೆ 1.99 ಕಂಡರು.

1.61 ಮತ್ತು 1.99ರ ನಡುವಿನ ಅಂತರ ನಿಮ್ಮ ನಕ್ಷೆಯಲ್ಲಿ ಎಷ್ಟು ತೂಗುತ್ತದೆ ಅನ್ನೋದನ್ನು ನಾನು ಬಹಳ ತಡವಾಗಿ ಕೂತು ಲೆಕ್ಕ ಹಾಕಿದೆ. ಟೂ-ಮಾಸ್ ಅಲೆಗಳಲ್ಲಿ ಓರೆ 1.78ರಿಂದ 1.98ಕ್ಕೆ ಹೋಗುತ್ತದೆ, ಅಂದರೆ ಶೇಕಡಾ 11 ಅಷ್ಟೇ. ಆದರೆ ಎಚ್–ಕೆ 1 ಮ್ಯಾಗ್ನಿಟ್ಯೂಡ್ ಕೆಂಪಾದ ನಕ್ಷತ್ರಕ್ಕೆ ಕೆ ಮಂಕು ಒಂದರಲ್ಲಿ 1.91, ಇನ್ನೊಂದರಲ್ಲಿ 1.46. ಮೋಡದ ತೂಕವನ್ನು ಇದರಿಂದಲೇ ಲೆಕ್ಕ ಹಾಕಿದರೆ ಸುಮಾರು ಕಾಲು ಭಾಗ ಹೋಯಿತು! ಓರೆಯಲ್ಲಿ ಸಣ್ಣ ತಪ್ಪು, ಮಂಕಿನಲ್ಲಿ ದೊಡ್ಡ ತಪ್ಪು. ಯಾವ ನಿಯಮ ಬಳಸಿದಿರಿ ಅಂತ ನಕ್ಷೆಯ ಪಕ್ಕದಲ್ಲೇ ಬರೆಯಿರಿ. ಬರೆಯದ ನಕ್ಷೆಯನ್ನು ಬೇರೆಯವರು ಉಪಯೋಗಿಸಲು ಬರೋದಿಲ್ಲ.

ನಕ್ಷೆಯ ನಡುವೆ ತೂತು

ಮೋಡದ ಅಂಚಿನಿಂದ ಒಳಗೆ ಹೋದಂತೆ ಎ-ವಿ ಏರುತ್ತಾ ಹೋಗಿ, ನಡುವೆ ಧಡಕ್ಕನೆ ಇಳಿದುಬಿಡುತ್ತದೆ. ಮೋಡ ಟೊಳ್ಳಲ್ಲ. ನಡುವೆ ದೂಳು ಎಷ್ಟು ದಟ್ಟ ಅಂದರೆ ಹಿಂದಿನ ನಕ್ಷತ್ರ ಒಂದೂ ಬಂದಿಲ್ಲ. ಬಂದಿರುವುದು ಮೋಡದ ಈಚೆ, ನಮ್ಮ ಕಡೆ ಇರುವ ನಕ್ಷತ್ರಗಳು. ಅವಕ್ಕೆ ದೂಳೇ ತಾಗಿಲ್ಲ.

ಒಂದು ಪಿಕ್ಸೆಲ್‌ನಲ್ಲಿ ನಾಲ್ಕು ನಕ್ಷತ್ರ, ಮೂರರ ಎ-ವಿ 10, ಒಂದು ಈಚೆಯದು, ಅದರದು 0. ಸರಾಸರಿ 7.5. ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) ತೆಗೆದರೆ 10. ಅದಕ್ಕೇ ಮೊದಲ ಮದ್ದು ಮೀಡಿಯನ್. ಆದರೆ ನಾಲ್ಕರಲ್ಲಿ ಮೂರು ಈಚೆಯವೇ ಆದರೆ ಮೀಡಿಯನ್ ಕೂಡ ಕೈಕೊಡುತ್ತದೆ. ಬರ್ನಾರ್ಡ್ 68 ಹತ್ತಿರದ್ದು, ಈಚೆ ನಕ್ಷತ್ರ ಇಲ್ಲವೆಂದೇ ಹೇಳಬಹುದು. ಒರಾಯನ್ ಸುಮಾರು 1300 ಜ್ಯೋತಿರ್ವರ್ಷ ದೂರ, ಅಲ್ಲಿ ಈಚೆಯವು ಬೇಕಾದಷ್ಟು. ಗಾಯಾದ ಪ್ಯಾರಲಾಕ್ಸ್, ಅಂದರೆ ದೂರ ಹೇಳುವ ಅಳತೆ, ಇದ್ದರೆ ಅದರಿಂದ ಈಚೆಯವನ್ನು ಕಿತ್ತುಹಾಕಿ. ಗಾಯಾ ನೋಡಿದ್ದು ಕಣ್ಣಿನ ಬೆಳಕಿನಲ್ಲಿ, ಹಾಗಾಗಿ ದಟ್ಟ ದೂಳಿನ ನಡುವೆ ಗಾಯಾಗೆ ಕಂಡ ನಕ್ಷತ್ರ ಬಹುತೇಕ ಈಚೆಯದೇ.

ಈಚೆಯ ನಕ್ಷತ್ರಗಳನ್ನೆಲ್ಲ ತೆಗೆದ ಮೇಲೂ ನಡುವಿನ ಶಿಖರ ತಗ್ಗಾಗಿಯೇ ಇದ್ದರೆ ಇನ್ನೊಂದು ಕಾರಣ ಇದೆ. ಒಂದು ಪಿಕ್ಸೆಲ್ ಒಳಗೂ ದೂಳು ಸಮನಾಗಿ ಹರಡಿರೋದಿಲ್ಲ. ತೆಳು ಮೂಲೆಯಿಂದ ನಕ್ಷತ್ರಗಳು ಸುಲಭವಾಗಿ ಇಣುಕುತ್ತವೆ, ದಟ್ಟ ಮೂಲೆಯಿಂದ ಇಣುಕುವುದಿಲ್ಲ. ನೀವು ಸರಾಸರಿ ತೆಗೆದಿದ್ದು ತೆಳು ಮೂಲೆಯದ್ದನ್ನು. 2009ರಲ್ಲಿ ಲೊಂಬಾರ್ಡಿ ಕೊಟ್ಟ ನೈಸೆಸ್ಟ್ ಇದಕ್ಕೆಂದೇ ಬಂದದ್ದು, ಹೆಚ್ಚು ಮಂಕಾದ ನಕ್ಷತ್ರಕ್ಕೆ ಹೆಚ್ಚು ತೂಕ ಕೊಡುತ್ತದೆ. ಪಿಕ್ಸೆಲ್‌ನಲ್ಲಿ ನಕ್ಷತ್ರ ಒಂದೂ ಇಲ್ಲ ಅಂದರೆ ಯಾವ ವಿಧಾನವೂ ಸಹಾಯಕ್ಕೆ ಬಾರದು, ಅಲ್ಲಿ ಖಾಲಿ ಬಿಡಿ. ಅಕ್ಕಪಕ್ಕದಿಂದ ತುಂಬಿಸಬೇಡಿ.

ಎ-ವಿ ಮೈನಸ್ ಬರುತ್ತಿದೆ

ಒಂದೆರಡು ನಕ್ಷತ್ರಕ್ಕೆ ಮೈನಸ್ ಬಂದರೆ ಪರವಾಗಿಲ್ಲ, ಅಳತೆಯ ತಪ್ಪು. ಮೋಡದ ಹೊರಗೆಲ್ಲ ಮೈನಸ್ 1 ಬಂದರೆ ನಕ್ಷತ್ರಗಳ ನಿಜವಾದ ಬಣ್ಣ ತಿಳಿಯಲು ದೂಳಿಲ್ಲ ಅಂದುಕೊಂಡು ಹೋಲಿಕೆಗೆ ತೆಗೆದುಕೊಂಡ ಜಾಗದಲ್ಲಿಯೇ ದೂಳು ಇತ್ತು ಅಂತ ಅರ್ಥ. ಅಲ್ಲಿ ಎ-ವಿ 1ರಷ್ಟು ತೆಳು ದೂಳು ಇದ್ದರೆ ಎಚ್–ಕೆ 0.063 ಹೆಚ್ಚು ಕಾಣುತ್ತದೆ, ನೀವು ಅದನ್ನೇ ಶುದ್ಧ ಬಣ್ಣ ಅಂತ ಎಲ್ಲದರಿಂದ ಕಳೆದಿರಿ. ಮೋಡದಿಂದ ದೂರ, ಆದರೆ ಗ್ಯಾಲಕ್ಸಿಯ ಅದೇ ಅಕ್ಷಾಂಶದಲ್ಲಿ, ಇನ್ನೊಂದು ಜಾಗ ಆರಿಸಿ.

ಇದರ ತಿರುವುಮುರುವು ಟಾರಸ್ ಅಂದರೆ ವೃಷಭದ ಮೋಡಗಳಲ್ಲಿ ಕಾಡುತ್ತದೆ. ಅಲ್ಲಿ ಹಿಂದೆ ದೈತ್ಯರ ದಟ್ಟಣೆ ಇಲ್ಲ, ಕೆಂಪು ಕುಬ್ಜಗಳು ಬೆರೆತಿವೆ. ಅವುಗಳ ಸ್ವಂತ ಎಚ್–ಕೆಯೇ 0.3ರವರೆಗೆ ಹೋಗುತ್ತದೆ, ದೂಳಿಲ್ಲದೆಯೂ ಎ-ವಿ 2.9 ಇದ್ದ ಹಾಗೆ ಕಾಣುತ್ತದೆ.

ನೀವೇ ಅಳೆದಿದ್ದರೆ

ಪಟ್ಟಿ ಅಲ್ಲ, ಟೆಲಿಸ್ಕೋಪಿನಿಂದ ನೀವೇ ಚಿತ್ರ ತೆಗೆದಿದ್ದರೆ ಆಕಾಶದ ಬೆಳಕು ಕಳೆದದ್ದು ಹೇಗೆ ಅಂತ ಮೊದಲು ನೋಡಿ. ಅವಕೆಂಪಿನಲ್ಲಿ ಆಕಾಶವೇ ಹೊಳೆಯುತ್ತದೆ, ಅದನ್ನು ಕಳೆಯಲು ಟೆಲಿಸ್ಕೋಪನ್ನು ಸ್ವಲ್ಪ ಸ್ವಲ್ಪ ಸರಿಸಿ ಚಿತ್ರ ತೆಗೆಯುತ್ತಾರೆ. ಲಡಾಖಿನ ಹಾನ್ಲೆಯಲ್ಲಿ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ, ನಮ್ಮ ಹೊಸಕೋಟೆ ಹತ್ತಿರದ ಕೇಂದ್ರದಿಂದಲೇ ಅದನ್ನು ನಡೆಸುತ್ತಾರೆ. ಅದರ ಟರ್‌ಸ್ಪೆಕ್ ಉಪಕರಣಕ್ಕೆ ಒಮ್ಮೆಗೆ ಕಾಣುವುದು ಸುಮಾರು 5 ಆರ್ಕ್‌ಮಿನಿಟ್. ಬರ್ನಾರ್ಡ್ 68 ಒಂದೇ ಬಹುತೇಕ ಪೂರ್ತಿ ತುಂಬಿಬಿಡುತ್ತದೆ. ಸ್ವಲ್ಪ ಸರಿಸಿದರೆ ಇನ್ನೂ ಮೋಡದ ಮೇಲೇ ಇರುತ್ತೀರಿ. ಆಗ ನೀವು ಆಕಾಶ ಅಂತ ಕಳೆಯುವುದರಲ್ಲಿ ಮೋಡದ ಸ್ವಂತ ಹೊಳಪೂ ಸೇರಿರುತ್ತದೆ.

ಮೋಡಕ್ಕೆ ಸ್ವಂತ ಹೊಳಪು ಎಲ್ಲಿಂದ ಅಂತ ಕೇಳಬಹುದು. ಸುತ್ತಲಿನ ನಕ್ಷತ್ರಗಳ ಬೆಳಕು ದೂಳಿನ ಮೇಲೆ ಬಿದ್ದು ಚದುರುತ್ತದೆ. ಪರ್ಸಿಯಸ್ ಮೋಡಗಳಲ್ಲಿ ಫಾಸ್ಟರ್ ಮತ್ತು ಗುಡ್‌ಮನ್ 2006ರಲ್ಲಿ ಇದನ್ನು ಚಂದವಾಗಿ ತೋರಿಸಿದರು. ಇದಕ್ಕೆ ಮದ್ದು ಒಂದೇ: ಮೋಡದಿಂದ ಪೂರ್ತಿ ಹೊರಗೆ ಹೋಗಿ ಆಕಾಶದ ಚಿತ್ರ ಬೇರೆಯಾಗಿ ತೆಗೆಯಿರಿ. ಸಮಯ ದುಪ್ಪಟ್ಟು ಆಗುತ್ತದೆ, ಆಗಲಿ.

ಈಗ ದೂಳನ್ನು ಅನುಮಾನಿಸಬಹುದು

ಇದೆಲ್ಲ ದಾಟಿಯೂ ಓರೆ ಬೇರೆಯೇ ಬಂದರೆ, 3 ಮೈಕ್ರಾನ್‌ನ ಆಚೆ ಹೋಗಿ ನೋಡಿ. ದಪ್ಪ ಕಣ ತನ್ನ ಗುರುತನ್ನು ಅಲ್ಲಿ ಹೆಚ್ಚು ಸ್ಪಷ್ಟವಾಗಿ ಬಿಡುತ್ತದೆ. 2005ರಲ್ಲಿ ಇಂಡೆಬೆಟೊವ್ ಮತ್ತು ಸಂಗಡಿಗರು ಸ್ಪಿಟ್ಸರ್‌ನಲ್ಲಿ ಅಳೆದಾಗ, ಕೆ ಮಂಕನ್ನು 1 ಅಂತ ಇಟ್ಟರೆ 3.6 ಮೈಕ್ರಾನ್‌ನಲ್ಲಿ 0.56, ಆಮೇಲೆ 4.5, 5.8, 8 ಮೂರರಲ್ಲೂ 0.43. ಇಳಿಯುತ್ತಾ ಹೋಗಬೇಕಾದದ್ದು ಮಟ್ಟಸವಾಗಿ ನಿಂತಿತ್ತು. 2009ರಲ್ಲಿ ಚಾಪ್‌ಮನ್ ಮತ್ತು ಸಂಗಡಿಗರು ಉರಗಧರ, ಪರ್ಸಿಯಸ್, ಸರ್ಪೆನ್ಸ್ ಮೋಡಗಳಲ್ಲಿ ಕೆ ಮಂಕು ಹೆಚ್ಚಾದ ಹಾಗೆ ಈ ಗೆರೆ ಇನ್ನಷ್ಟು ಮಟ್ಟಸವಾಗುವುದನ್ನು ಕಂಡರು. 2010ರಲ್ಲಿ ಎಲ್ 183 ಮತ್ತಿತರ ಮೋಡಗಳ ತಿರುಳೇ 3.6 ಮೈಕ್ರಾನ್‌ನಲ್ಲಿ ಹೊಳೆಯುತ್ತಿದ್ದದ್ದು ಗೊತ್ತಾಯಿತು. ಹತ್ತನೇ ಒಂದು ಮೈಕ್ರಾನಿನ ಕಣಕ್ಕೆ ಆ ಅಲೆಯನ್ನು ಅಷ್ಟು ಚದುರಿಸಲು ಆಗೋದಿಲ್ಲ, ಮೈಕ್ರಾನ್ ಗಾತ್ರದ ಕಣ ಬೇಕು. ನಿಮ್ಮ ಓರೆ ಬೇರೆ ಬಂದ ಜಾಗದಲ್ಲೇ ಈ ಗುರುತುಗಳೂ ಇದ್ದರೆ, ಆಗ ಧೈರ್ಯವಾಗಿ ಹೇಳಿ.

ಆದರೆ ಇಲ್ಲೂ ಒಂದು ಮೋಸದ ಜಾಗ ಇದೆ, ಹಿಮ. ತಣ್ಣನೆ ಮೋಡದಲ್ಲಿ ಕಣಗಳ ಮೇಲೆ ನೀರು ಹೆಪ್ಪುಗಟ್ಟಿ ಕೂರುತ್ತದೆ. ಟಾರಸ್‌ನಲ್ಲಿ ಎ-ವಿ 3 ದಾಟುತ್ತಿದ್ದ ಹಾಗೆ ಅದು ಕಾಣತೊಡಗುತ್ತದೆ. ನೀರಿನ ಹಿಮ 3.05 ಮೈಕ್ರಾನ್ ಹತ್ತಿರ ಬೆಳಕು ಹೀರುತ್ತದೆ, ಇಂಗಾಲದ ಡೈಆಕ್ಸೈಡ್ 4.27ರಲ್ಲಿ, ಇಂಗಾಲದ ಮಾನಾಕ್ಸೈಡ್ 4.67ರಲ್ಲಿ. ಈ ಕೊನೆಯ ಎರಡೂ ಸ್ಪಿಟ್ಸರ್‌ನ 4.5 ಮೈಕ್ರಾನ್ ಕಿಂಡಿಯ ಒಳಗೇ ಬೀಳುತ್ತವೆ. 8 ಮೈಕ್ರಾನ್ ಕಿಂಡಿಗೆ ಮರಳಿನಂಥ ಸಿಲಿಕೇಟ್‌ನ 9.7 ಮೈಕ್ರಾನ್ ತಗ್ಗಿನ ಅಂಚು ಸೇರಿಕೊಳ್ಳುತ್ತದೆ. ಮಟ್ಟಸ ಕಂಡ ಮಾತ್ರಕ್ಕೆ ಪೂರ್ತಿ ಕಣದ ಗಾತ್ರದ್ದೇ ಅಂತ ಅನ್ನಲು ಬರೋದಿಲ್ಲ, ಸ್ಪೆಕ್ಟ್ರಂ ಬೇಕು. 2023ರಲ್ಲಿ ಮೆಕ್‌ಕ್ಲೂರ್ ಮತ್ತು ಸಂಗಡಿಗರು ಜೇಮ್ಸ್ ವೆಬ್ ಟೆಲಿಸ್ಕೋಪಿನಿಂದ ಕಮೀಲಿಯನ್ 1 ಮೋಡದ ಹಿಂದಿನ ಎರಡು ನಕ್ಷತ್ರ ನೋಡಿದರು, ಎ-ವಿ ಸುಮಾರು 60 ಮತ್ತು 95. ಅಷ್ಟು ಮಂಕಿನ ಆಚೆಯಿಂದ ಬಂದ ಬೆಳಕಿನಲ್ಲೂ ಒಂದೊಂದು ಹಿಮವನ್ನೂ ಬೇರೆ ಬೇರೆಯಾಗಿ ಗುರುತಿಸಲು ಸಾಧ್ಯವಾಯಿತು.

ಕೊನೆಯದಾಗಿ ಇದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಸರಿಯಾದ ನಕ್ಷೆಯನ್ನೇ ತಪ್ಪೆಂದು ಅಳಿಸಿದವರನ್ನು ನೋಡಿದ್ದೇನೆ. ನಿಮ್ಮ ದೂಳಿನ ನಕ್ಷೆಯನ್ನು ರೇಡಿಯೊದಲ್ಲಿ ಅಳೆದ ಇಂಗಾಲದ ಮಾನಾಕ್ಸೈಡ್ ಅನಿಲದ ನಕ್ಷೆಗೆ ಹೋಲಿಸುತ್ತೀರಿ ಅನ್ನಿ. ಬರ್ನಾರ್ಡ್ 68ರಲ್ಲಿ ದೂಳು ನಡುವೆ ಶಿಖರ ತೋರಿಸುತ್ತದೆ, ಅನಿಲ ನಡುವೆ ತಗ್ಗು ತೋರಿಸುತ್ತದೆ. ಇಲ್ಲಿ ನಿಮ್ಮ ನಕ್ಷೆಯಲ್ಲಿ ತಪ್ಪಿಲ್ಲ. ನಡುವೆ ಉಷ್ಣಾಂಶ ಸುಮಾರು 10 ಕೆಲ್ವಿನ್, ಅಲ್ಲಿನ ಮಾನಾಕ್ಸೈಡ್ ಅನಿಲವಾಗಿ ಉಳಿದಿಲ್ಲ, ಆ ದೂಳಿನ ಕಣಗಳ ಮೇಲೆಯೇ ಹಿಮವಾಗಿ ಅಂಟಿಕೊಂಡಿದೆ.